ಎದೆಯ ಸದ್ದಿಗೆ ಅರ್ಥ ಹೇಳಿದ ವೈದ್ಯ : ಯೋಸೆಫ್ ಸ್ಕೋಡಾ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಅದನ್ನು ಅಂಗೈಯ ಮೇಲಿಟ್ಟುಕೊಂಡು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ಹಲಸಿನ ಹಣ್ಣನ್ನೂ ಹೀಗೆಯೇ ಬಡಿದು ನೋಡುವುದುಂಟು. ಕೆಮ್ಮು, ಜ್ವರ ಎಂದು ಹೋದಾಗ ವೈದ್ಯರು ನಮ್ಮ ಎದೆಯ ಮೇಲೆ ಎಡಗೈಯ ಬೆರಳನ್ನು ಚಾಚಿ, ಬಲಗೈಯ ಬೆರಳಿನಿಂದ ಅದರ ಮೇಲೆ ಕುಟ್ಟಿ, ಆಮೇಲೆ ಸ್ಟೆತಾಸ್ಕೋಪನ್ನಿಟ್ಟು ಆಲಿಸುವುದೂ ಇದೇ ಜಾತಿಯ ಪರೀಕ್ಷೆ. ಮಡಕೆಯ ವಿಷಯದಲ್ಲಿ ಊಹೆ ತಪ್ಪಿದರೆ ಹೋಗುವುದು ನಾಲ್ಕು ಕಾಸು. ಎದೆಯ ವಿಷಯದಲ್ಲಿ ಪ್ರಾಣವೇ ಹೋಗಬಹುದು. ಹೀಗಿರುವಾಗ, "ಈ ಸದ್ದಿಗೆ ಇದೇ ಅರ್ಥ" ಎಂದು ಹೇಳುವ ಧೈರ್ಯ ವೈದ್ಯನಿಗೆ ಎಲ್ಲಿಂದ ಬಂದಿತು? ಸದ್ದಿಗೂ ರೋಗಕ್ಕೂ ಇರುವ ಸಂಬಂಧವನ್ನು ಶೋಧಿಸಿದವರು ಯಾರು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಹತ್ತೊಂಬತ್ತನೆಯ ಶತಮಾನದ ವಿಯೆನ್ನಾ ನಗರವನ್ನು ಸೇರುತ್ತೇವೆ. ಅಲ್ಲಿ ಬೀಗಗಳನ್ನು ಮಾಡುವ ಒಬ್ಬ ಕಮ್ಮಾರನ ಮಗನು ಈ ಕೆಲಸವನ್ನು ಮಾಡಿದನು. ಅವನ ಹೆಸರು ಯೋಸೆಫ್ ಸ್ಕೋಡಾ.

ಬಡಿದು ನೋಡುವ ಪರೀಕ್ಷೆಯು ಸ್ಕೋಡಾನ ಸ್ವಂತ ಕಲ್ಪನೆಯಲ್ಲ. ಅದು ಹುಟ್ಟಿದುದೇನೋ ವಿಯೆನ್ನಾದಲ್ಲಿಯೇ, ಆದರೆ ಅವನಿಗಿಂತ ಎರಡು ತಲೆಮಾರುಗಳ ಹಿಂದೆ. ಗ್ರಾಟ್ಸ್ ಎಂಬ ಊರಿನಲ್ಲಿ ಒಂದು ವಸತಿಗೃಹವನ್ನು ನಡೆಸುತ್ತಿದ್ದವನ ಮಗ ಲೆಯೊಪೋಲ್ಟ್ ಔಯೆನ್‌ಬ್ರುಗರ್ (1722–1809) ವಿಯೆನ್ನಾದ ಸ್ಪ್ಯಾನಿಷ್ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದನು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆ ಎಂಬುದನ್ನು ಹೊರಗಿನಿಂದ ತಟ್ಟಿ ತಿಳಿಯುವ ಉಪಾಯವನ್ನು ತಂದೆಯ ನೆಲಮಾಳಿಗೆಯಲ್ಲಿ ಅವನು ಬಾಲ್ಯದಲ್ಲಿಯೇ ಕಂಡಿದ್ದನೆಂದು ಹೇಳುವುದುಂಟು. ರೋಗಿಯ ಎದೆಯನ್ನು ಬೆರಳ ತುದಿಯಿಂದ ತಟ್ಟಿ, ಗಾಳಿಯಿರುವ ಕಡೆ ಬರುವ ಸದ್ದು ಬೇರೆ, ನೀರು ತುಂಬಿದ ಕಡೆ ಬರುವ ಸದ್ದು ಬೇರೆ ಎಂದು ಅವನು ಗುರುತಿಸಿ, 1761ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು.

ಆ ಕಾಲದಲ್ಲಿ ವಿಯೆನ್ನಾದ ವೈದ್ಯಶಿಕ್ಷಣವು ಅರಮನೆಯ ಕೈಯಲ್ಲಿದ್ದಿತು. ರಾಣಿ ಮರಿಯಾ ಥೆರೇಸಾಳ ಆಸ್ಥಾನ ವೈದ್ಯನಾಗಿದ್ದ ಗೆರಾರ್ಡ್ ಫಾನ್ ಸ್ವೀಟನ್ ಎಂಬವನು ವಿಶ್ವವಿದ್ಯಾನಿಲಯದ ವೈದ್ಯವಿಭಾಗವನ್ನು ಹೊಸದಾಗಿ ಕಟ್ಟಿ, ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಪಾಠ ಹೇಳುವ ಪದ್ಧತಿಯನ್ನು ತಂದ ದೊಡ್ಡ ಮನುಷ್ಯ. ಆದರೂ ಔಯೆನ್‌ಬ್ರುಗರನ ಪುಸ್ತಕಕ್ಕೆ ಆಗಿನ ಹಿರಿಯರಿಂದ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಅರ್ಧ ಶತಮಾನದ ಬಳಿಕ ಅದನ್ನು ಎತ್ತಿ ಹಿಡಿದವನು ಇನ್ನೊಂದು ಆಸ್ಥಾನದ ವೈದ್ಯ: ನೆಪೋಲಿಯನ್ನನ ವೈದ್ಯನಾಗಿದ್ದ ಕಾರ್ವಿಸಾರ್. ಅವನು 1808ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದು, ತನ್ನದೇ ದೀರ್ಘವಾದ ವ್ಯಾಖ್ಯಾನವನ್ನೂ ಸೇರಿಸಿ, ಕೀರ್ತಿಯನ್ನು ಮಾತ್ರ ಮೂಲ ಲೇಖಕನಿಗೇ ಬಿಟ್ಟುಕೊಟ್ಟನು. ಇಂಥ ಔದಾರ್ಯವು ವಿಜ್ಞಾನದ ಚರಿತ್ರೆಯಲ್ಲಿ ಪದೇ ಪದೇ ಕಾಣಸಿಗುವುದಿಲ್ಲ. ಮರುವರ್ಷವೇ, ಫ್ರೆಂಚ್ ಸೈನ್ಯವು ವಿಯೆನ್ನಾದಲ್ಲಿ ಬೀಡುಬಿಟ್ಟಿದ್ದ ಮೇ ತಿಂಗಳಿನಲ್ಲಿ, ಮುದುಕನಾದ ಔಯೆನ್‌ಬ್ರುಗರನು ತೀರಿಕೊಂಡನು.

1816ರಲ್ಲಿ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ಲೇನೆಕ್ ಎಂಬ ವೈದ್ಯನು ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟು ಹೃದಯದ ಸದ್ದನ್ನು ಕೇಳಿದ ಕಥೆ ನಮ್ಮ ವಾಚಕರಿಗೆ ತಿಳಿದೇ ಇದೆ. ಕಾಗದದ ಕೊಳವೆಯು ಮರದ ಕೊಳವೆಯಾಯಿತು, ಸ್ಟೆತಾಸ್ಕೋಪು ಹುಟ್ಟಿತು. 1819ರಲ್ಲಿ ಅವನ ಗ್ರಂಥ ಹೊರಬಂದಿತು. ಹೀಗೆ ತಾಡನ ಮತ್ತು ಶ್ರವಣ, ಅಂದರೆ ಬಡಿದು ಕೇಳುವುದು ಮತ್ತು ಕಿವಿಗೊಟ್ಟು ಕೇಳುವುದು, ಎಂಬ ಎರಡು ಪರೀಕ್ಷೆಗಳೂ ಸಿದ್ಧವಾಗಿದ್ದುವು. ಅವುಗಳಿಂದ ದೊರೆತ ಸದ್ದುಗಳನ್ನು ಅರ್ಥಮಾಡಿಕೊಳ್ಳುವ ಬಗೆಯಲ್ಲಿ ಮಾತ್ರ ಬಹಳ ಗೊಂದಲವಿದ್ದಿತು.

ಸ್ಕೋಡಾನು ಹುಟ್ಟಿದುದು 1805ರ ಡಿಸೆಂಬರ್ 10ರಂದು, ಬೊಹೀಮಿಯ ಪ್ರಾಂತದ ಪಿಲ್ಸೆನ್ ಪಟ್ಟಣದಲ್ಲಿ. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಅಂದು ಆಸ್ಟ್ರಿಯಾ ಚಕ್ರಾಧಿಪತ್ಯದ ಭಾಗವಾಗಿದ್ದಿತು. ನಮ್ಮ ರಸ್ತೆಗಳಲ್ಲಿ ಓಡುವ ಸ್ಕೋಡಾ ಕಾರುಗಳ ಹೆಸರನ್ನು ಕೇಳಿದವರಿಗೆ ಒಂದು ಸಂಶಯ ಬಂದಿರಬಹುದು. ಅದು ಸರಿಯಾದುದೇ. ಯೋಸೆಫನ ಸೋದರ ಫ್ರಾಂಟಿಷೆಕ್ ಕೂಡ ವೈದ್ಯ. ಅವನ ಮಗ ಎಮಿಲ್ ಸ್ಕೋಡಾನು 1869ರಲ್ಲಿ ಪಿಲ್ಸೆನ್ನಿನ ಯಂತ್ರ ಕಾರ್ಖಾನೆಯನ್ನು ಕೊಂಡು ಬೆಳೆಸಿದನು. ಅಜ್ಜನ ಕಬ್ಬಿಣದ ಕೆಲಸ ಮೊಮ್ಮಗನಲ್ಲಿ ಮತ್ತೆ ಚಿಗುರಿತೆನ್ನಬಹುದು.

1825ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿದ ಯೋಸೆಫನು 1831ರ ಜುಲೈಯಲ್ಲಿ ವೈದ್ಯ ಪದವಿಯನ್ನು ಪಡೆದನು. ಆ ವರ್ಷವೇ ಕಾಲರಾ ಮಾರಿ ಯೂರೋಪಿನ ನಡುವಿಗೆ ಬಂದಿದ್ದಿತು. ಹೊಸ ವೈದ್ಯನ ಮೊದಲ ಕೆಲಸವು ಬೊಹೀಮಿಯದ ಕಾಲರಾ ಪೀಡಿತರ ನಡುವೆ. ಅಲ್ಲಿಂದ ಹಿಂದಿರುಗಿದ ಮೇಲೆ, 1832ರಲ್ಲಿ, ಅವನು ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾದನು.

ಈ ಆಸ್ಪತ್ರೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಚಕ್ರವರ್ತಿ ಎರಡನೆಯ ಯೋಸೆಫನು 1784ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ ಸುಮಾರು ಎರಡು ಸಾವಿರ ಹಾಸಿಗೆಗಳಿದ್ದುವು. ನಗರದ ಬಡವರೆಲ್ಲರೂ ಅಲ್ಲಿಗೇ ಬರುತ್ತಿದ್ದರು. ಅಲ್ಲಿ ಸತ್ತವರ ದೇಹಗಳು ಶವಪರೀಕ್ಷೆಯ ಕೊಠಡಿಗೆ ಹೋಗುತ್ತಿದ್ದುವು. ಆ ಕೊಠಡಿಯಲ್ಲಿ ಕಾರ್ಲ್ ರೊಕಿಟಾನ್‌ಸ್ಕಿ (1804–1878) ಎಂಬ, ಬೊಹೀಮಿಯದವನೇ ಆದ, ಸ್ಕೋಡಾನಿಗಿಂತ ಒಂದು ವರ್ಷ ಹಿರಿಯನಾದ ವೈದ್ಯನಿದ್ದನು. ಅವನು ತನ್ನ ಜೀವಮಾನದಲ್ಲಿ ಸುಮಾರು 30,000 ಶವಪರೀಕ್ಷೆಗಳನ್ನು ಮಾಡಿದನೆಂದು ಲೆಕ್ಕವಿದೆ. ಒಂದೇ ಆವರಣದಲ್ಲಿ ಒಬ್ಬನು ಬದುಕಿರುವ ರೋಗಿಯ ಎದೆಯನ್ನು ಕೇಳುವವನು, ಇನ್ನೊಬ್ಬನು ಅದೇ ಎದೆಯನ್ನು ಸತ್ತ ಮೇಲೆ ತೆರೆಯುವವನು. ತಾನು ಹಾಸಿಗೆಯ ಬಳಿ ಕೇಳಿ ಬರೆದಿಟ್ಟುದನ್ನು ಸ್ಕೋಡಾನು ರೊಕಿಟಾನ್‌ಸ್ಕಿಯ ಮೇಜಿನ ಮೇಲೆ ಕಣ್ಣಾರೆ ಕಂಡು ತಿದ್ದಿಕೊಳ್ಳಬಹುದಾಗಿದ್ದಿತು. ಇಷ್ಟು ನಿಷ್ಠುರನಾದ ಪರೀಕ್ಷಕನು ವಿದ್ಯಾರ್ಥಿಗೆ ಸಿಕ್ಕುವುದು ಅಪರೂಪ. ಹೀಗೆ ವರ್ಷಗಟ್ಟಲೆ ಸರಿಹೋಲಿಸಿದುದರ ಫಲವೇ ಮುಂದಿನ ಶೋಧನೆಗಳು.

ಅವನಿಗೆ ಎದುರಾದ ಗೊಂದಲವೆಂಥದು? ಫ್ರೆಂಚ್ ವೈದ್ಯರು ಬಹು ಸೂಕ್ಷ್ಮವಾಗಿ ಕೇಳಿದ್ದರು. ಕೇಳಿದುದಕ್ಕೆಲ್ಲ ಒಂದೊಂದು ಹೆಸರಿಟ್ಟಿದ್ದರು. ಈ ಸದ್ದು ಕೇಳಿದರೆ ಈ ರೋಗ, ಆ ಸದ್ದು ಕೇಳಿದರೆ ಆ ರೋಗ ಎಂದು ಪಟ್ಟಿಗಳು ಬೆಳೆದಿದ್ದುವು. ಪಿಯೊರಿ ಎಂಬ ವೈದ್ಯನಂತೂ ಯಕೃತ್ತಿಗೆ ಒಂದು ಸದ್ದು, ಪ್ಲೀಹಕ್ಕೆ ಒಂದು ಸದ್ದು, ಹೃದಯಕ್ಕೆ ಒಂದು ಸದ್ದು ಎಂದು ಪ್ರತಿಯೊಂದು ಅಂಗಕ್ಕೂ ತಾಡನದ ನಾದವನ್ನು ಗೊತ್ತುಮಾಡಿದ್ದನು. ವಿದ್ಯಾರ್ಥಿಗಳು ಇವನ್ನೆಲ್ಲ ಬಾಯಿಪಾಠ ಮಾಡಬೇಕಾಗಿದ್ದಿತು. ಪರೀಕ್ಷೆಗೆ ಕುಳಿತ ಅನುಭವವುಳ್ಳ ನಮ್ಮ ವಾಚಕರು ಅವರ ಕಷ್ಟವನ್ನು ಊಹಿಸಿಕೊಳ್ಳಬಲ್ಲರು.

ಸ್ಕೋಡಾನು ಕೇಳಿದ ಪ್ರಶ್ನೆ ಬೇರೆ. ಸದ್ದು ಎಂಬುದು ಭೌತಶಾಸ್ತ್ರಕ್ಕೆ ಸೇರಿದ ವಸ್ತು. ಕಂಪಿಸುವ ಪದಾರ್ಥವು ಯಾವುದು, ಅದರಲ್ಲಿ ಗಾಳಿ ಎಷ್ಟಿದೆ, ಗೋಡೆ ಬಿಗಿಯಾಗಿದೆಯೇ ಸಡಿಲವಾಗಿದೆಯೇ ಎಂಬುದರ ಮೇಲೆ ಅದರ ಗುಣ ನಿಂತಿದೆ. ರೋಗದ ಹೆಸರು ಸದ್ದಿಗೆ ಗೊತ್ತಿಲ್ಲ. ಆದುದರಿಂದ ಎದೆಯಿಂದ ಬರುವ ಸದ್ದು ನೇರವಾಗಿ ತಿಳಿಸುವುದು ಒಳಗಿನ ಭೌತಿಕ ಸ್ಥಿತಿಯನ್ನು ಮಾತ್ರ: ಇಲ್ಲಿ ಗಾಳಿಯಿದೆ, ಇಲ್ಲಿ ಇಲ್ಲ, ಇಲ್ಲಿ ಪೊಳ್ಳಿದೆ, ಇಲ್ಲಿ ದ್ರವವಿದೆ. ಆ ಸ್ಥಿತಿಯು ಯಾವ ಯಾವ ರೋಗಗಳಲ್ಲಿ ಉಂಟಾಗಬಹುದು ಎಂಬುದನ್ನು ಶವಪರೀಕ್ಷೆಯ ಶಾಸ್ತ್ರವು ಹೇಳಬೇಕು. ಅವುಗಳಲ್ಲಿ ಈ ರೋಗಿಗೆ ಹೊಂದದವುಗಳನ್ನು ಒಂದೊಂದಾಗಿ ತೆಗೆದುಹಾಕುತ್ತ ಬಂದು, ಉಳಿದುದನ್ನು ರೋಗವೆಂದು ನಿರ್ಣಯಿಸಬೇಕು. ಸದ್ದಿನಿಂದ ಸ್ಥಿತಿ, ಸ್ಥಿತಿಯಿಂದ ರೋಗ ಎಂಬ ಎರಡು ಮೆಟ್ಟಿಲುಗಳನ್ನು ಫ್ರೆಂಚರು ಒಂದೇ ನೆಗೆತದಲ್ಲಿ ದಾಟಲು ಹೋಗಿ ಎಡವಿದ್ದರೆಂಬುದು ಅವನ ವಾದ.

ಇದನ್ನು ನಮ್ಮ ವಾಚಕರು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿ ನೋಡಬಹುದು. ಎಡಗೈಯ ನಡುಬೆರಳನ್ನು ತೊಡೆಯ ಮೇಲೆ ಬಿಗಿಯಾಗಿ ಒತ್ತಿ, ಬಲಗೈಯ ನಡುಬೆರಳನ್ನು ಬಗ್ಗಿಸಿ ಅದರ ತುದಿಯಿಂದ ಎಡಬೆರಳಿನ ಮೇಲೆ ಚುರುಕಾಗಿ ಎರಡು ಏಟು ಹೊಡೆಯಿರಿ. ಮಣಿಕಟ್ಟು ಮಾತ್ರ ಅಲುಗಬೇಕು, ತೋಳು ಅಲುಗಬಾರದು. ಸದ್ದು ಮಂದವಾಗಿ, ಸತ್ತಂತೆ ಇರುತ್ತದೆ. ಈಗ ಬಲಗಡೆಯ ಕೊರಳೆಲುಬಿನ ಕೆಳಗೆ ಹಾಗೆಯೇ ಮಾಡಿರಿ. ಸದ್ದು ತುಂಬಿಕೊಂಡು ಮೊಳಗುತ್ತದೆ. ಒಳಗೆ ಗಾಳಿ ತುಂಬಿದ ಶ್ವಾಸಕೋಶವಿದೆ. ಅಲ್ಲಿಂದ ಕೆಳಕೆಳಗೆ ಒಂದೊಂದು ಬೆರಳಗಲ ಇಳಿಯುತ್ತ ಬಂದರೆ, ಪಕ್ಕೆಲುಬುಗಳ ಕೆಳಭಾಗದಲ್ಲಿ ಮೊಳಗು ತಗ್ಗಿ, ತೊಡೆಯ ಸದ್ದೇ ಮರಳಿ ಕೇಳುತ್ತದೆ. ಅದು ಯಕೃತ್ತು. ಆಳವಾಗಿ ಉಸಿರನ್ನು ಒಳಗೆ ಎಳೆದು ಹಿಡಿದುಕೊಂಡು ಮತ್ತೆ ತಟ್ಟಿರಿ: ಮೊಳಗು ನಿಲ್ಲುವ ಗಡಿಯು ಸುಮಾರು ಒಂದಂಗುಲ ಕೆಳಕ್ಕೆ ಸರಿದಿರುತ್ತದೆ. ಉಬ್ಬಿದ ಶ್ವಾಸಕೋಶವು ಯಕೃತ್ತನ್ನು ಕೆಳಕ್ಕೆ ತಳ್ಳಿದುದೇ ಇದಕ್ಕೆ ಕಾರಣ.

ತೊಡೆಯ ಸದ್ದೂ ಯಕೃತ್ತಿನ ಸದ್ದೂ ಒಂದೇ ಎಂಬುದನ್ನು ಗಮನಿಸಿದಿರಲ್ಲವೇ? ಸ್ಕೋಡಾನ ವಾದದ ಗಟ್ಟಿಯಾದ ಬುಡ ಇದೇ. ಗಾಳಿಯಿಲ್ಲದ ಮಾಂಸಲವಾದ ಅಂಗಗಳೆಲ್ಲವೂ, ಶೇಖರವಾದ ದ್ರವಗಳೂ ಒಂದೇ ಬಗೆಯ ಮಂದ ಸದ್ದನ್ನು ಕೊಡುತ್ತವೆ. ಯಕೃತ್ತಿನ ನಾದ, ಪ್ಲೀಹದ ನಾದ ಎಂಬುವು ಬೇರೆ ಬೇರೆಯಾಗಿ ಇಲ್ಲವೇ ಇಲ್ಲ. ಬದಲಾವಣೆ ಬರುವುದು ಗಾಳಿಯ ಪ್ರಮಾಣ, ಹಂಚಿಕೆ ಮತ್ತು ಬಿಗುವುಗಳಿಂದ. ಹೀಗೆ ಪಿಯೊರಿಯ ಉದ್ದವಾದ ಪಟ್ಟಿಯನ್ನು ಬಿಟ್ಟುಬಿಟ್ಟು, ತಾಡನದ ನಾದಗಳನ್ನು ಅವನು ನಾಲ್ಕು ಜೋಡಿಗಳಲ್ಲಿ ಅಳೆದನು: ತುಂಬಿದ ನಾದ – ಬರಿದಾದ ನಾದ, ಸ್ಫುಟ – ಮಂದ, ಭೇರಿಯಂಥದು – ಭೇರಿಯಂಥದಲ್ಲದುದು, ಏರು ಸ್ಥಾಯಿ – ತಗ್ಗು ಸ್ಥಾಯಿ.

ಇವುಗಳಲ್ಲಿ ಮೂರನೆಯ ಜೋಡಿ ಬಹು ಸ್ವಾರಸ್ಯವಾದುದು. ಗಾಳಿ ತುಂಬಿದ ಹೊಟ್ಟೆಯನ್ನು ತಟ್ಟಿದರೆ ಡೋಲಿನಂತೆ ಸ್ವರವುಳ್ಳ ನಾದ ಬರುತ್ತದೆ. ಆರೋಗ್ಯವಾದ ಶ್ವಾಸಕೋಶದಲ್ಲಿಯೂ ಗಾಳಿಯೇ ತುಂಬಿದ್ದರೂ ಹಾಗೆ ಬರುವುದಿಲ್ಲ. ಸ್ಕೋಡಾನು ಶವಗಳಿಂದ ತೆಗೆದ ಶ್ವಾಸಕೋಶಗಳನ್ನು ತಟ್ಟಿ ನೋಡಿದನು. ಪೂರ್ಣವಾಗಿ ಉಬ್ಬಿದಾಗ ಭೇರಿಯ ನಾದವಿಲ್ಲ. ಸ್ವಲ್ಪ ಗಾಳಿ ಕಳೆದುಕೊಂಡು ಸಡಿಲವಾದಾಗ ಆ ನಾದವುಂಟು. ಜಠರವನ್ನೂ ಮಿತಿಮೀರಿ ಉಬ್ಬಿಸಿದರೆ ಅದರ ಭೇರಿನಾದ ಅಳಿದುಹೋಗುತ್ತದೆ. ಗಾಳಿ ಕಡಿಮೆಯಾದರೆ ಮೊಳಗು ಹೆಚ್ಚುವುದೆಂಬ ಈ ವಿಚಿತ್ರವನ್ನು ಮೊದಲು ಕೇಳಿದವರು ನಂಬಲಾರದೆ ಹೋದುದು ಸಹಜ. ಆದರೆ ರೋಗಿಯ ಎದೆಯಲ್ಲಿ ಇದೇ ಕಾಣುತ್ತಿದ್ದಿತು. ಶ್ವಾಸಕೋಶದ ಹೊದಿಕೆಯೊಳಗೆ ನೀರು ತುಂಬಿದಾಗ, ನೀರಿರುವ ಕೆಳಭಾಗ ತೊಡೆಯಂತೆ ಮಂದ. ಅದರ ಮೇಲೆ ತೇಲಿದಂತೆ ಸಡಿಲಗೊಂಡ ಶ್ವಾಸಕೋಶವಿರುವ ಭಾಗದಲ್ಲಿ ಭೇರಿಯಂಥ ಮೊಳಗು. ಈ ಲಕ್ಷಣಕ್ಕೆ 'ಸ್ಕೋಡಾನ ಅನುನಾದ' ಎಂಬ ಹೆಸರು ವೈದ್ಯಗ್ರಂಥಗಳಲ್ಲಿ ನಿಂತುಹೋಗಿದೆ.

ಕಿವಿಗೊಟ್ಟು ಕೇಳುವ ಪರೀಕ್ಷೆಯಲ್ಲಿಯೂ ಅವನು ಇದೇ ರೀತಿಯಲ್ಲಿ ನಡೆದನು; ಅಲ್ಲಿ ಒಂದು ಕಡೆ ಎಡವಿದನು. ಆ ತಪ್ಪನ್ನು ಮುಚ್ಚಿಡಲು ಕಾರಣವಿಲ್ಲ. ನ್ಯುಮೋನಿಯದಿಂದ ಶ್ವಾಸಕೋಶದ ಒಂದು ಭಾಗ ಗಟ್ಟಿಯಾದಾಗ, ಆ ಜಾಗದಲ್ಲಿ ಕಿವಿಯಿಟ್ಟರೆ ರೋಗಿಯ ಮಾತು ಸ್ಫುಟವಾಗಿ, ಹತ್ತಿರದಲ್ಲಿಯೇ ಆಡಿದಂತೆ ಕೇಳುತ್ತದೆ. ಏಕೆ? ಗಟ್ಟಿಯಾದ ಪದಾರ್ಥವು ಸದ್ದನ್ನು ಚೆನ್ನಾಗಿ ಸಾಗಿಸುತ್ತದೆ ಎಂದು ಲೇನೆಕ್ ಹೇಳಿದ್ದನು. ಸ್ಕೋಡಾನು ಶವದ ಶ್ವಾಸಕೋಶಗಳ ಮೂಲಕ ಮಾತನ್ನು ಹಾಯಿಸಿ ಕೇಳಿ, ಗಟ್ಟಿಯಾದುದು ಹೆಚ್ಚು ಚೆನ್ನಾಗಿ ಸಾಗಿಸಿದಂತೆ ಕಾಣದೆ, ಬೇರೊಂದು ವಿವರಣೆಯನ್ನು ಕೊಟ್ಟನು. ಬಾವಿಯೊಳಕ್ಕೆ ಬಗ್ಗಿ ಕೂಗಿದರೆ ಬಾವಿಯ ಗಾಳಿಯೆಲ್ಲ ಕೂಡಿ ಮೊಳಗುತ್ತದೆ. ಹಾಗೆಯೇ ಗಟ್ಟಿಯಾದ ಗೋಡೆಯುಳ್ಳ ಶ್ವಾಸನಾಳಗಳಲ್ಲಿನ ಗಾಳಿಯು ಧ್ವನಿಪೆಟ್ಟಿಗೆಯ ಸ್ವರಕ್ಕೆ ಅನುರಣಿಸುತ್ತದೆ ಎಂಬುದು ಅವನ ವಾದ. ಮುಂದೆ ನಡೆದ ಅಳತೆಗಳು ಈ ವಾದವನ್ನು ಎತ್ತಿ ಹಿಡಿಯಲಿಲ್ಲ. ಗಾಳಿಗೂಡುಗಳಿಂದ ಕೂಡಿದ ಆರೋಗ್ಯವಾದ ಶ್ವಾಸಕೋಶವು ಏರು ಸ್ಥಾಯಿಯ ಸ್ವರಗಳನ್ನು ಸೋಸಿ ತಡೆದುಬಿಡುತ್ತದೆ. ಗಟ್ಟಿಯಾದುದು ಅವನ್ನು ಬಿಟ್ಟುಕೊಡುತ್ತದೆ. ಅದರಿಂದಲೇ ಮಾತು ಸ್ಫುಟವಾಗುತ್ತದೆ. ಲೇನೆಕ್ಕನೇ ಸತ್ಯಕ್ಕೆ ಹೆಚ್ಚು ಹತ್ತಿರದಲ್ಲಿದ್ದನು. ಆದರೂ ಸ್ಕೋಡಾನ ಕೈಯಲ್ಲಿ ರೋಗನಿರ್ಣಯ ತಪ್ಪದಿದ್ದುದಕ್ಕೆ ಕಾರಣವುಂಟು. ಆ ಸದ್ದು ಕೇಳಿದಲ್ಲಿ ಶ್ವಾಸಕೋಶ ಗಟ್ಟಿಯಾಗಿರುತ್ತದೆ ಎಂಬುದನ್ನು ಅವನು ಶವಪರೀಕ್ಷೆಯ ಮೇಜಿನ ಮೇಲೆ ಕಂಡಿದ್ದನು. ವಿವರಣೆ ಬಿದ್ದುಹೋದರೂ ಕಂಡುದು ಉಳಿಯಿತು.

ಹೃದಯದ ವಿಷಯದಲ್ಲಿ ಒಂದೇ ಒಂದು ಉದಾಹರಣೆ ಸಾಕು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಕವಾಟ ಕೆಟ್ಟರೆ, ರಕ್ತವು ಮುಂದೆ ಸರಾಗವಾಗಿ ಸಾಗದೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತರಿಸಿ ನಿಲ್ಲುತ್ತದೆ. ಒತ್ತಡ ಹೆಚ್ಚಿದುದರಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಬಾಯಲ್ಲಿರುವ ಕವಾಟವು ರಭಸದಿಂದ ಮುಚ್ಚಿಕೊಳ್ಳುತ್ತದೆ. ಆಗ ಹೃದಯದ 'ಲಬ್–ಡಬ್' ಎಂಬ ಎರಡು ಸದ್ದುಗಳಲ್ಲಿ ಎರಡನೆಯದು ಆ ಜಾಗದಲ್ಲಿ ಜೋರಾಗಿ ಕೇಳುತ್ತದೆ. ಒಂದು ಕಡೆಯ ಕವಾಟದ ದೋಷವನ್ನು ಇನ್ನೊಂದು ಕಡೆಯ ಕವಾಟದ ಸದ್ದಿನಿಂದ ತಿಳಿಯುವ ಈ ಉಪಾಯವನ್ನು ತೋರಿಸಿಕೊಟ್ಟವನು ಸ್ಕೋಡಾನೇ.

ಇಷ್ಟೆಲ್ಲ ಮಾಡುತ್ತಿದ್ದವನಿಗೆ ಮೇಲಿನವರಿಂದ ದೊರೆತ ಬಹುಮಾನವೇನು? ಆಸ್ಟ್ರಿಯಾದ ವೈದ್ಯಶಿಕ್ಷಣದ ಸೂತ್ರವು ಬಹು ಕಾಲ ಚಕ್ರವರ್ತಿ ಫ್ರಾನ್ಜನ ಆಸ್ಥಾನ ವೈದ್ಯ ಷ್ಟಿಫ್ಟ್ ಎಂಬವನ ಕೈಯಲ್ಲಿದ್ದು, ಹಳೆಯ ಜಾಡಿನಲ್ಲಿಯೇ ನಡೆದುಬಂದಿದ್ದಿತು. ಅವನು 1836ರಲ್ಲಿ ತೀರಿಕೊಂಡ ಮೇಲೂ ಆಸ್ಪತ್ರೆಯ ಹಿರಿಯರ ಮನಸ್ಸು ಬದಲಾಗಲಿಲ್ಲ. ತಾಡನವನ್ನು ಕುರಿತು ಸ್ಕೋಡಾನು ಅದೇ ವರ್ಷ ಪ್ರಕಟಿಸಿದ ಮೊದಲ ಲೇಖನವನ್ನು ಹೆಚ್ಚು ಜನ ಓದಲಿಲ್ಲ. 1837ರಲ್ಲಿ, ಅವನು ಎದೆಯನ್ನು ಬಡಿಬಡಿದು ರೋಗಿಗಳಿಗೆ ತೊಂದರೆ ಕೊಡುತ್ತಾನೆಂಬ ಆಪಾದನೆಯ ಮೇಲೆ, ಶಿಕ್ಷೆಯೆಂದು ಅವನನ್ನು ಬುದ್ಧಿಭ್ರಮಣೆಯವರ ವಿಭಾಗಕ್ಕೆ ವರ್ಗಾಯಿಸಿದರು. ದಿನವೂ ಕುಟ್ಟಿಸಿಕೊಳ್ಳುವ ರೋಗಿಗೆ ಬೇಸರವಾಗಿರಲಿಲ್ಲವೆಂದು ನಾವೂ ಹೇಳಲಾರೆವು. ಆದರೆ ಆಗಿನ ಚಿಕಿತ್ಸೆಯೆಂದು ನಡೆಯುತ್ತಿದ್ದ ರಕ್ತ ತೆಗೆಯುವುದು, ವಾಂತಿ ಮಾಡಿಸುವುದು ಮೊದಲಾದವುಗಳಿಗೆ ಹೋಲಿಸಿದರೆ ಬೆರಳ ಏಟು ಯಾವ ಲೆಕ್ಕ!

1839ರಲ್ಲಿ 'ತಾಡನ ಮತ್ತು ಶ್ರವಣ'ವನ್ನು ಕುರಿತ ಅವನ ಗ್ರಂಥ ವಿಯೆನ್ನಾದಲ್ಲಿ ಅಚ್ಚಾಯಿತು. ಆ ವರ್ಷ ಅವನ ಉದ್ಯೋಗವು ನಗರದ ಬಡವರ ವೈದ್ಯನದು. ಮರುವರ್ಷ ಫೆಬ್ರವರಿಯಲ್ಲಿ, ಶಿಕ್ಷಣ ಸಮಿತಿಯಲ್ಲಿದ್ದ ಟ್ಯುರ್ಕ್‌ಹೈಮ್ ಎಂಬ ಅಧಿಕಾರಿಯ ಶಿಫಾರಸಿನಿಂದ, ಕ್ಷಯರೋಗಿಗಳಿಗಾಗಿ ಹೊಸದಾಗಿ ತೆರೆದ ವಿಭಾಗಕ್ಕೆ ಮುಖ್ಯ ವೈದ್ಯನಾದನು. ಹುದ್ದೆ ಮುಖ್ಯ ವೈದ್ಯನದು, ಸಂಬಳ ಮಾತ್ರ ಇಲ್ಲ. ಅಲ್ಲಿಯೇ ಚರ್ಮರೋಗಗಳಿಗೆ ಒಂದು ಪ್ರತ್ಯೇಕ ಭಾಗವನ್ನು ಮಾಡಿಸಿದನು. ಅದು ಫೆರ್ಡಿನಾಂಡ್ ಹೆಬ್ರಾ ಎಂಬ ಶಿಷ್ಯನ ಕೈಯಲ್ಲಿ ಒಂದು ಹೊಸ ಶಾಸ್ತ್ರವಾಗಿ ಬೆಳೆಯಿತು. 1846ರಲ್ಲಿ, ವೈದ್ಯವಿಭಾಗದ ಉಳಿದವರ ವಿರೋಧವಿದ್ದರೂ ರೊಕಿಟಾನ್‌ಸ್ಕಿಯು ಹಟಹಿಡಿದು ನಿಂತುದರಿಂದ, ಸ್ಕೋಡಾನು ಪ್ರಾಧ್ಯಾಪಕನಾದನು. ಗ್ರಂಥವು 1853ರಲ್ಲಿ ಇಂಗ್ಲಿಷಿಗೂ ಭಾಷಾಂತರವಾಯಿತು.

ಪ್ರಾಧ್ಯಾಪಕನಾದವನು ಲ್ಯಾಟಿನ್ನಿನಲ್ಲಿ ಪಾಠ ಹೇಳುವುದು ಅಲ್ಲಿಯ ಸಂಪ್ರದಾಯ. ಸ್ಕೋಡಾನು ಅದನ್ನು ಬಿಟ್ಟು ಜರ್ಮನ್ ಭಾಷೆಯಲ್ಲಿ ಹೇಳತೊಡಗಿದನು; ಅಲ್ಲಿ ಹಾಗೆ ಮಾಡಿದವರಲ್ಲಿ ಅವನೇ ಮೊದಲಿಗನೆನ್ನುತ್ತಾರೆ. ಕನ್ನಡದಲ್ಲಿ ವಿಜ್ಞಾನವನ್ನು ಓದುತ್ತಿರುವವರಿಗೆ ಈ ಸಂಗತಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಮೇಲೆ ಒಂದು ದೊಡ್ಡ ದೂರು ಇದ್ದಿತು. ರೋಗವನ್ನು ಕಂಡುಹಿಡಿಯುವುದರಲ್ಲಿ ಇವನಿಗಿರುವ ಆಸಕ್ತಿ ಅದನ್ನು ವಾಸಿಮಾಡುವುದರಲ್ಲಿ ಇಲ್ಲ ಎಂಬುದು ಆ ದೂರು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಔಷಧವನ್ನು ಬೇಡಿ ಬಂದವನಿಗೆ ನಿನ್ನ ಕವಾಟ ಕೆಟ್ಟಿದೆ ಎಂದು ಹೇಳಿ ಸುಮ್ಮನಾದರೆ ಅವನಿಗೆ ಸಿಕ್ಕಿದುದೇನು? ಸ್ಕೋಡಾನು ಆಗಿನ ಬಹುತೇಕ ಔಷಧಗಳನ್ನು ನಂಬುತ್ತಿರಲಿಲ್ಲ. ಪಥ್ಯ, ವಿಶ್ರಾಂತಿ, ವೈದ್ಯನ ಎಚ್ಚರಿಕೆಯ ಕಣ್ಣು ಇವಿಷ್ಟರಿಂದಲೇ ಅನೇಕ ರೋಗಗಳು ವಾಸಿಯಾಗುತ್ತವೆಂಬುದು ಅವನ ಅನುಭವ. ಅವನ ನಂಬಿಕೆಗೆ ಬೆಂಬಲವಾಗಿ ಅಂಕೆಗಳು ದೊರೆತುವು. ವಿಯೆನ್ನಾದಲ್ಲಿಯೇ ಇದ್ದ ಯೋಸೆಫ್ ಡೀಟ್ಲ್ ಎಂಬ ವೈದ್ಯನು ನ್ಯುಮೋನಿಯದ 380 ರೋಗಿಗಳ ಲೆಕ್ಕವನ್ನು 1849ರಲ್ಲಿ ಪ್ರಕಟಿಸಿದನು. ರಕ್ತ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 20 ಮಂದಿ ಸತ್ತಿದ್ದರು. ವಾಂತಿ ಮಾಡಿಸುವ ಆಂಟಿಮೊನಿಯ ಔಷಧವನ್ನು ಕುಡಿದವರಲ್ಲಿಯೂ ಸುಮಾರು ಅಷ್ಟೇ. ಬರಿಯ ಪಥ್ಯದಲ್ಲಿದ್ದವರಲ್ಲಿ ಸತ್ತವರು ನೂರಕ್ಕೆ 7ರಷ್ಟು. ಮೂರು ಗುಂಪುಗಳ ರೋಗಿಗಳೂ ಮೊದಲಿನಿಂದ ಸಮಸ್ಥಿತಿಯಲ್ಲಿದ್ದರೇ ಎಂದು ಇಂದಿನ ಸಂಖ್ಯಾಶಾಸ್ತ್ರಜ್ಞನು ಕೇಳದೆ ಬಿಡುವುದಿಲ್ಲ, ಕೇಳಬೇಕಾದುದೇ. ಆದರೂ ಎರಡು ಸಾವಿರ ವರ್ಷಗಳಿಂದ ನಡೆದುಬಂದ ಚಿಕಿತ್ಸೆಯನ್ನು ಎಣಿಸಿ ನೋಡುವ ಎದೆಗಾರಿಕೆ ಬಂದಿತಲ್ಲ, ಅದು ದೊಡ್ಡದು. ಇನ್ನು ಸ್ಕೋಡಾನು ಕೈಕಟ್ಟಿ ಕುಳಿತನೆಂಬುದೂ ಪೂರ್ತಿ ನಿಜವಲ್ಲ. ಎದೆಯಲ್ಲಿ ನೀರು ಎಲ್ಲಿ ತುಂಬಿದೆಯೆಂದು ಅವನು ಕಿವಿಯಿಂದ ಗುರುತಿಸಿ ತೋರಿಸಿದರೆ, ಫ್ರಾನ್ಜ್ ಷೂ ಎಂಬ ಶಸ್ತ್ರವೈದ್ಯನು ಅಲ್ಲಿ ಚುಚ್ಚಿ ಅದನ್ನು ಹೊರತೆಗೆಯುತ್ತಿದ್ದನು. 1840ರಲ್ಲಿ ಇವರಿಬ್ಬರೂ ಕೂಡಿ ಹೃದಯದ ಹೊದಿಕೆಯೊಳಗಿನ ದ್ರವವನ್ನೂ ಹೀಗೆ ತೆಗೆದರು. ಒಳಗನ್ನು ಕಾಣುವ ಬೇರಾವ ಉಪಕರಣವೂ ಇಲ್ಲದ ಕಾಲವದು. ರಾಂಟ್‌ಜನ್ ಕಿರಣಗಳು ದೊರೆತುದು 1895ರಲ್ಲಿ. ಸೂಜಿಗೆ ದಾರಿ ತೋರಿಸಿದುದು ಬೆರಳೂ ಕಿವಿಯೂ ಮಾತ್ರ.

ಸ್ಕೋಡಾನ ವಿಚಾರಸರಣಿಗೆ ನಿಜವಾದ ಪರೀಕ್ಷೆ ಒದಗಿದುದು ಅದೇ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ. ಅಲ್ಲಿ ಎರಡು ಶಾಖೆಗಳಿದ್ದುವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಪಾಠ, ಇನ್ನೊಂದರಲ್ಲಿ ಸೂಲಗಿತ್ತಿಯರಿಗೆ. 1846ರಲ್ಲಿ ಮೊದಲ ಶಾಖೆಯ 4,010 ಹೆರಿಗೆಗಳಲ್ಲಿ 459 ತಾಯಂದಿರು ಸತ್ತರು; ಎರಡನೆಯದರಲ್ಲಿ 3,754ಕ್ಕೆ 105 ಮಂದಿ. ಬಾಣಂತಿ ಜ್ವರವೇ ಮುಖ್ಯ ಕಾರಣ. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ತರುಣ ಸಹಾಯಕನು ಸ್ಕೋಡಾನಿಂದ ಕಲಿತ ಕ್ರಮದಂತೆಯೇ ಸಂಭಾವ್ಯ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕತೊಡಗಿದನು. ಹವೆ ಎರಡಕ್ಕೂ ಒಂದೇ, ಕಾರಣ ಅದಲ್ಲ. ಜನಸಂದಣಿ ಎರಡನೆಯದರಲ್ಲಿಯೂ ಇದೆ; ಅದೂ ಅಲ್ಲ. 1847ರ ಮಾರ್ಚಿಯಲ್ಲಿ, ಸ್ಕೋಡಾನ ಜೊತೆಯಲ್ಲಿ ಲೇಖನಗಳನ್ನು ಬರೆದಿದ್ದ ಅವರ ಸ್ನೇಹಿತ ಕೊಲೆಚ್ಕಾನು ಶವಪರೀಕ್ಷೆಯಲ್ಲಿ ಬೆರಳಿಗೆ ಗಾಯವಾಗಿ, ಬಾಣಂತಿಯರಂತೆಯೇ ನಂಜೇರಿ ಸತ್ತನು. ಶವವನ್ನು ಮುಟ್ಟಿದ ಕೈಗಳೇ ರೋಗವನ್ನು ಒಯ್ಯುತ್ತಿವೆ ಎಂದು ಸೆಮ್ಮೆಲ್‌ವೈಸನಿಗೆ ಹೊಳೆಯಿತು. ಆ ಬೇಸಗೆಯಿಂದ ವಿದ್ಯಾರ್ಥಿಗಳೆಲ್ಲರೂ ಕ್ಲೋರಿನ್ ಬೆರೆತ ನೀರಿನಲ್ಲಿ ಕೈತೊಳೆಯಬೇಕಾಯಿತು. 1848ರಲ್ಲಿ ಅದೇ ಮೊದಲ ಶಾಖೆಯ 3,556 ಹೆರಿಗೆಗಳಲ್ಲಿ ಸತ್ತವರು 45.

ಇದು ವಿಯೆನ್ನಾದ ವೈದ್ಯರಿಗೆ ನುಂಗಲಾರದ ತುತ್ತಾಯಿತು. ಶವಪರೀಕ್ಷೆಯೇ ಸ್ಕೋಡಾ ಮತ್ತು ರೊಕಿಟಾನ್‌ಸ್ಕಿಯರ ಕೀರ್ತಿಗೆ ಆಧಾರ. ಆ ಆಧಾರದಿಂದಲೇ ನೂರಾರು ತಾಯಂದಿರಿಗೆ ಮೃತ್ಯು ಬಂದಿದೆಯೆಂದು ಲೆಕ್ಕ ಹೇಳುತ್ತಿದ್ದಿತು. ಆದರೂ ಇಬ್ಬರೂ ಸೆಮ್ಮೆಲ್‌ವೈಸನ ಪಕ್ಷವನ್ನೇ ವಹಿಸಿದರು. 1849ರ ಜನವರಿಯಲ್ಲಿ ಸ್ಕೋಡಾನು ಇದನ್ನು ಪರಿಶೀಲಿಸಲು ಒಂದು ಸಮಿತಿಯಾಗಬೇಕೆಂದು ಸೂಚಿಸಿದನು. ಹೆರಿಗೆ ವಿಭಾಗದ ಮುಖ್ಯಸ್ಥ ಕ್ಲೈನನು ವಿರೋಧಿಸಿದುದರಿಂದ ಸರ್ಕಾರ ಅದನ್ನು ನಡೆಯಗೊಡಲಿಲ್ಲ. ಅಕ್ಟೋಬರಿನಲ್ಲಿ ತಾನು ಸದಸ್ಯನಾಗಿದ್ದ ವಿಜ್ಞಾನ ಅಕಾಡೆಮಿಯಲ್ಲಿ ಈ ಶೋಧನೆಯ ಪರವಾಗಿ ಉಪನ್ಯಾಸ ಮಾಡಿದನು. ಅಲ್ಲಿಯೂ ಒಂದು ಕೊರತೆ ಉಳಿಯಿತು. ರೋಗವು ಶವಗಳಿಂದ ಮಾತ್ರ ಬರುವುದೆಂಬ ಭಾವನೆಯನ್ನು ಈ ಮೊದಲ ವರದಿಗಳು ಹರಡಿದುವು. ಜೀವಂತ ರೋಗಿಯ ಕೊಳೆತ ಹುಣ್ಣಿನಿಂದಲೂ ಬರಬಹುದೆಂಬುದನ್ನು ಸೆಮ್ಮೆಲ್‌ವೈಸನು ಕಂಡಿದ್ದರೂ, ಅದು ಎಲ್ಲರಿಗೂ ತಲುಪಲಿಲ್ಲ. ಅವನು ತಾನಾಗಿ ಬರೆಯುವುದಕ್ಕೆ ಬಹಳ ತಡಮಾಡಿದನು. 1850ರಲ್ಲಿ, ತನ್ನನ್ನು ಎತ್ತಿ ಹಿಡಿದವರಿಗೂ ಒಂದು ಮಾತು ಹೇಳದೆ, ವಿಯೆನ್ನಾವನ್ನು ಬಿಟ್ಟು ಹೊರಟುಹೋದನು.

ಆ ಮೇಲೆ ಸ್ಕೋಡಾನು ಬರೆದುದು ಕಡಿಮೆ. ಪಾಠ, ಆಸ್ಪತ್ರೆ, ರೋಗಿಗಳು ಇವುಗಳಲ್ಲಿಯೇ ದಿನಗಳು ಕಳೆದುವು. ಆದಾಯ ದೊಡ್ಡದಾಗಿದ್ದರೂ ಅವನ ಜೀವನ ಸರಳವಾಗಿದ್ದಿತು. ಇತರರ ಹೃದಯವನ್ನು ಕೇಳಿದವನಿಗೆ ತನ್ನ ಹೃದಯವೇ ರೋಗಕ್ಕೆ ತುತ್ತಾಗಿದ್ದಿತು. 1871ರ ಆದಿಯಲ್ಲಿ ಅವನು ನಿವೃತ್ತನಾದಾಗ ವಿದ್ಯಾರ್ಥಿಗಳೂ ನಗರದ ಜನರೂ ಪಂಜುಗಳನ್ನು ಹಿಡಿದು ಮೆರವಣಿಗೆ ಮಾಡಿದರು. 1881ರ ಜೂನ್ 13ರಂದು ಅವನು ತೀರಿಕೊಂಡನು. ಉಳಿದಿದ್ದ ಸ್ವಲ್ಪ ಆಸ್ತಿಯಲ್ಲಿ ಧರ್ಮಸಂಸ್ಥೆಗಳಿಗೂ ಪಾಲನ್ನು ಬರೆದಿಟ್ಟಿದ್ದನು.

ಅವನು ಸಂಬಳವಿಲ್ಲದೆ ದುಡಿದ ಕ್ಷಯರೋಗಿಗಳ ವಿಭಾಗದಲ್ಲಿ, ಆ ರೋಗಿಗಳ ಎದೆಯನ್ನು ಪೊಳ್ಳುಮಾಡುತ್ತಿದ್ದ ವಸ್ತು ಯಾವುದೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವನು ಸತ್ತ ಒಂಬತ್ತು ತಿಂಗಳಿಗೆ, 1882ರ ಮಾರ್ಚ್ 24ರಂದು, ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು.